ಪುಣೆಯ ಪೊರೆ ಶಸ್ತ್ರಚಿಕಿತ್ಸಾ ಪ್ರಯೋಗಗಳು

ಕಣ್ಣಿನ ಪೊರೆ ತೆಗೆಯುವ ವಿಧಾನಗಳನ್ನು ಹೋಲಿಸಲು ಪುಣೆಯ ಎಚ್. ವಿ. ದೇಸಾಯಿ ಕಣ್ಣಿನ ಆಸ್ಪತ್ರೆಯಲ್ಲಿ ನಡೆದ ಪ್ರಯೋಗಗಳು. ಆಸ್ಪತ್ರೆಯನ್ನು ನಡೆಸುವುದು ಪೂನಾ ಬ್ಲೈಂಡ್ ಮೆನ್ಸ್ ಅಸೋಸಿಯೇಷನ್. ಪರೀಕ್ಷಿತ್ ಗೋಗಟೆ, ಮದನ್ ದೇಶಪಾಂಡೆ ಮತ್ತು ಸಂಗಡಿಗರ ವರದಿ 2003ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಆಫ್ತಾಲ್ಮಾಲಜಿಯಲ್ಲಿ ಪ್ರಕಟವಾಯಿತು. 40ರಿಂದ 90 ವರ್ಷದೊಳಗಿನ 741 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಅಗಲವಾಗಿ ಕೊಯ್ದು ಹೊಲಿಗೆ ಹಾಕುವ ಹಳೆಯ ವಿಧಾನ. ಇನ್ನೊಂದಕ್ಕೆ ಸಾಮಾನ್ಯವಾಗಿ ಹೊಲಿಗೆಯೇ ಬೇಡದ ಕಿರುಛೇದನ. ಆರು ವಾರ ಕಳೆದು ಪರೀಕ್ಷೆಗೆ ಮರಳಿದವರು 706. ಇವರಲ್ಲಿ ಕನ್ನಡಕವಿಲ್ಲದೆ 6/18 (ಸಾಮಾನ್ಯ ಕಣ್ಣಿಗೆ 18 ಮೀಟರಿನಿಂದ ಕಾಣುವುದನ್ನು 6 ಮೀಟರಿನಿಂದ ಓದುವಷ್ಟು ನೋಟ) ಅಥವಾ ಅದಕ್ಕಿಂತ ಚೆನ್ನಾಗಿ ಕಂಡವರು ಹಳೆಯ ವಿಧಾನದಲ್ಲಿ ಶೇ. 37.3, ಕಿರುಛೇದನದಲ್ಲಿ ಶೇ. 47.9. ಕನ್ನಡಕ ಹಾಕಿದಾಗ ಅಂತರ ಕುಗ್ಗಿತು: ಶೇ. 86.7 ಮತ್ತು ಶೇ. 89.8. ಆದರೂ ಕನ್ನಡಕವಿಲ್ಲದ ನೋಟದ ಅಂತರವೇ ಮುಖ್ಯ. ಏಕೆಂದರೆ ಹಳ್ಳಿಗೆ ಮರಳಿದ ಮುದುಕಿ ಕನ್ನಡಕ ಬದಲಿಸಲು ಮತ್ತೆ ಪಟ್ಟಣಕ್ಕೆ ಬರುವುದು ಅಪರೂಪ, ಬೀಳಗಿಯ ಡಾ. ಎಂ. ಸಿ. ಮೋದಿಯವರ ಕಣ್ಣಿನ ಚಿಕಿತ್ಸಾ ಶಿಬಿರಗಳನ್ನು ಕಂಡ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2005ರಲ್ಲಿ ಪ್ರಕಟವಾದ, 400 ಕಣ್ಣುಗಳ ಇನ್ನೊಂದು ಪ್ರಯೋಗ ಕಿರುಛೇದನವನ್ನು, ಯಂತ್ರದ ಶ್ರವಣಾತೀತ ತರಂಗಗಳಿಂದ ಪೊರೆಯನ್ನು ಒಡೆದು ಹೀರಿ ತೆಗೆಯುವ ಫೇಕೋ ವಿಧಾನಕ್ಕೆ ಹೋಲಿಸಿತು. ಕನ್ನಡಕವಿಲ್ಲದ ನೋಟದಲ್ಲಿ ಫೇಕೋ ತುಸು ಮುಂದಿತ್ತು. ಕನ್ನಡಕದೊಂದಿಗೆ ಎರಡೂ ಸರಿಸಮ. ಫೇಕೋಗೆ ದುಬಾರಿ ಯಂತ್ರ ಬೇಕು, ಕಿರುಛೇದನಕ್ಕೆ ಬೇಡ.