ಗೌರಿ ಹೂ: ಬೇಲಿಯಿಂದ ಹೊಲಕ್ಕೆ

ಭಾದ್ರಪದದ ಗೌರಿ ಹಬ್ಬದ ಹೊತ್ತಿಗೆ ಬೇಲಿ ಸಾಲುಗಳಲ್ಲಿ, ಕುರುಚಲು ಕಾಡಿನ ಅಂಚಿನಲ್ಲಿ ಬೆಂಕಿಯ ನಾಲಿಗೆಯಂತಹ ಹೂವೊಂದು ಅರಳುತ್ತದೆ. ಅಲೆಅಲೆಯಾದ ಆರು ದಳಗಳು ಹಿಂದಕ್ಕೆ ಬಾಗಿರುತ್ತವೆ. ಮೊದಲು ಹಸಿರು-ಹಳದಿ, ಆಮೇಲೆ ಕಿತ್ತಳೆ, ಕೊನೆಗೆ ಕಡುಗೆಂಪು. ಇದೇ ಗೌರಿ ಹೂ. ಅಗ್ನಿಶಿಖೆ, ಕರಡಿಕಣ್ಣಿನ ಗಡ್ಡೆ, ಶಿವಶಕ್ತಿ ಬಳ್ಳಿ ಎಂಬ ಹೆಸರುಗಳೂ ಇದಕ್ಕುಂಟು.

ಸಂಸ್ಕೃತದಲ್ಲಿ ಇದು ಲಾಂಗಲಿ. ಲಾಂಗಲ ಎಂದರೆ ನೇಗಿಲು. ನೆಲದೊಳಗಿನ ಗಡ್ಡೆ ನೇಗಿಲಿನಂತೆ ಬಾಗಿರುವುದರಿಂದ ಈ ಹೆಸರು. ಗರ್ಭಪಾತಿನಿ ಎಂಬುದು ಇನ್ನೊಂದು ಹೆಸರು; ಅದು ಎಚ್ಚರಿಕೆಯೂ ಹೌದು. ಆಯುರ್ವೇದವು ಲಾಂಗಲಿಯನ್ನು ಉಪವಿಷಗಳ ಗುಂಪಿಗೆ ಸೇರಿಸಿ, ಶುದ್ಧಿ ಮಾಡದೆ ಬಳಸಬಾರದೆಂದು ವಿಧಿಸಿದೆ. ವಿಷದ ಅರಿವು ನಮ್ಮಲ್ಲಿ ಹಳೆಯದು. ಆದರೆ ಆ ವಿಷ ಯಾವುದು, ಹೇಗೆ ಕೆಲಸ ಮಾಡುತ್ತದೆ ಎಂಬುದು ತಿಳಿಯಲು ಬಹುಕಾಲ ಹಿಡಿಯಿತು.

1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಂನಲ್ಲಿ 12 ಸಂಪುಟಗಳಾಗಿ ಹೊರಬಂದ 'ಹೋರ್ಟಸ್ ಮಲಬಾರಿಕಸ್' ಗ್ರಂಥದಲ್ಲಿ ಈ ಬಳ್ಳಿಯ ಚಿತ್ರವಿದೆ. 1753ರಲ್ಲಿ ಲಿನೇಯಸ್ ಇದಕ್ಕೆ ಗ್ಲೋರಿಯೋಸ ಸುಪರ್ಬ ಎಂದು ಹೆಸರಿಟ್ಟ. ಇತ್ತ 1820ರಲ್ಲಿ ಫ್ರಾನ್ಸಿನ ಪೆಲ್ಟಿಯೇ ಮತ್ತು ಕಾವಾಂಟೂ ಯೂರೋಪಿನ ಕಾಲ್ಚಿಕಮ್ ಗಿಡದಿಂದ ಒಂದು ಕ್ಷಾರಾಭವನ್ನು ಬೇರ್ಪಡಿಸಿದರು. ಅದೇ ಕಾಲ್ಚಿಸಿನ್ ಎನಿಸಿತು. ಕೀಲುಗಳನ್ನು ಬಾಧಿಸುವ ಗೌಟ್ ರೋಗಕ್ಕೆ ಅದು ಮದ್ದು. 1915ರಲ್ಲಿ ಕ್ಲೂವರ್, ಗ್ರೀನ್ ಮತ್ತು ಟುಟಿನ್ ಎಂಬ ರಸಾಯನ ವಿಜ್ಞಾನಿಗಳು ಅದೇ ವಸ್ತು ಗೌರಿ ಹೂವಿನ ಗಡ್ಡೆಯಲ್ಲಿಯೂ ಇದೆಯೆಂದು ವರದಿ ಮಾಡಿದರು. ಎರಡೂ ಗಿಡಗಳು ಇಂದು ಕಾಲ್ಚಿಕೇಸಿ ಎಂಬ ಒಂದೇ ಕುಟುಂಬಕ್ಕೆ ಸೇರಿವೆ.

ಜೀವಕೋಶ ವಿಭಜನೆಯಾಗುವಾಗ ವರ್ಣತಂತುಗಳನ್ನು ಇಬ್ಬದಿಗೂ ಎಳೆಯುವುದು ಸೂಕ್ಷ್ಮನಾಳಗಳು. ಈ ನಾಳಗಳ ಇಟ್ಟಿಗೆಯಂತಿರುವ ಟ್ಯುಬುಲಿನ್ ಪ್ರೋಟೀನಿಗೆ ಕಾಲ್ಚಿಸಿನ್ ಅಂಟಿಕೊಂಡರೆ ನಾಳಗಳು ಕಟ್ಟಿಕೊಳ್ಳುವುದಿಲ್ಲ, ವಿಭಜನೆ ನಡುವೆಯೇ ನಿಲ್ಲುತ್ತದೆ. ಇದರ ಲಾಭ ಪಡೆದು 1937ರಲ್ಲಿ ಬ್ಲೇಕ್ಸ್‌ಲಿ ಮತ್ತು ಏವರಿ ಸಸ್ಯಗಳ ವರ್ಣತಂತುಗಳ ಸಂಖ್ಯೆಯನ್ನು ಇಮ್ಮಡಿಗೊಳಿಸಿ ತೋರಿಸಿದರು. ತಳಿ ಅಭಿವೃದ್ಧಿಗೆ ಹೊಸ ದಾರಿ ತೆರೆಯಿತು. ಗಡ್ಡೆ ತಿಂದವರಿಗೆ ಆಗುವ ಹಾನಿಯ ಕಾರಣವೂ ಇದೇ. ಬೇಗ ಬೇಗ ವಿಭಜನೆಯಾಗುವ ಕರುಳಿನ ಒಳಪದರ ಮತ್ತು ಅಸ್ಥಿಮಜ್ಜೆಯ ಕೋಶಗಳು ಮೊದಲು ಸೊರಗುತ್ತವೆ. ವಾಂತಿ, ಭೇದಿಯಿಂದ ಆರಂಭವಾಗಿ ಪ್ರಾಣಕ್ಕೇ ಕುತ್ತು ಬರಬಹುದು. ಇದಕ್ಕೆ ಸುಲಭವಾಗಿ ಸಿಗುವ ಪ್ರತಿವಿಷವಿಲ್ಲ.

ಬೇಡಿಕೆ ಏರಿದಂತೆ ಕಾಡಿನ ಗಡ್ಡೆಗಳಿಗೆ ಗುದ್ದಲಿ ಬಿತ್ತು. ಹೂ ಕಿತ್ತರೆ ಬಳ್ಳಿ ಮರುವರ್ಷ ಬರುತ್ತದೆ. ಗಡ್ಡೆ ಅಗೆದರೆ ಬರುವುದಿಲ್ಲ. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ತಮಿಳುನಾಡಿನ ಮೂಲನೂರು, ಒಡ್ಡನ್‌ಛತ್ರಂ ಕಡೆಯ ರೈತರು ಇದನ್ನು ಬೆಳೆಯಾಗಿ ಬೆಳೆಸಿದರು. ಅಲ್ಲಿ ಮಾರುವುದು ಗಡ್ಡೆಯನ್ನಲ್ಲ, ಬೀಜವನ್ನು. ಗಡ್ಡೆ ನೆಲದಲ್ಲೇ ಉಳಿದು ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ.

ಬೇಸಾಯಕ್ಕೆ ಗಿಡದ ಸ್ವಭಾವ ತಿಳಿದಿರಬೇಕು. ಗಡ್ಡೆಯ ಕವಲಿನ ತುದಿಯಲ್ಲಿ ಮಾತ್ರ ಮೊಗ್ಗಿರುತ್ತದೆ. ತುದಿ ಮುರಿದರೆ ಆ ಕವಲು ಮೊಳೆಯದು. 50-60 ಗ್ರಾಂ ತೂಕದ ಗಡ್ಡೆಗಳನ್ನು ಜೂನ್-ಜುಲೈನಲ್ಲಿ ನೆಡುತ್ತಾರೆ. ಎಲೆಯ ತುದಿಯೇ ಕುಡಿಬಳ್ಳಿಯಾಗಿ ಸುತ್ತಿಕೊಳ್ಳುವುದರಿಂದ ಆಸರೆ ಬೇಕು. ಶಲಾಕೆಯು ಬುಡದಲ್ಲೇ ಪಕ್ಕಕ್ಕೆ ಬಾಗಿ ಕೇಸರಗಳಿಂದ ದೂರ ಸರಿದಿರುತ್ತದೆ. ಆದ್ದರಿಂದ ಹೆಚ್ಚು ಕಾಯಿ ಕಟ್ಟಬೇಕಾದರೆ ಬೆಳಿಗ್ಗೆ ಹೂವಿನಿಂದ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುತ್ತಾರೆ. ಬೀಜದಿಂದ ಬೆಳೆಸಿದರೆ ಹೂ ಕಾಣಲು ಮೂರು-ನಾಲ್ಕು ವರ್ಷ ಕಾಯಬೇಕು. ನೀರು ನಿಂತರೆ ಗಡ್ಡೆ ಕೊಳೆಯುತ್ತದೆ.

ಗದಗ ಜಿಲ್ಲೆಯಲ್ಲಿ ಎರೆಭೂಮಿಯೂ ಇದೆ, ಮಸಾರಿಯೂ ಇದೆ. ಲಕ್ಷ್ಮೇಶ್ವರದ ಬಳಿಯ ಅಡರಕಟ್ಟಿಯ ರೈತರೊಬ್ಬರು ಇದನ್ನು ಬೆಳೆಯಬಯಸಿದರೆ ನೀರು ಹಿಡಿದಿಡುವ ಎರೆಯನ್ನು ಬಿಟ್ಟು, ನೀರು ಬಸಿಯುವ ಮಸಾರಿಯನ್ನು ಆರಿಸಿಕೊಳ್ಳುವುದು ಲೇಸು. ಕೊಳ್ಳುವವರು ಯಾರೆಂದು ಮೊದಲೇ ತಿಳಿದಿರಬೇಕು. ಗಡ್ಡೆ ನೋಡಲು ಗೆಣಸಿನಂತಿರುತ್ತದೆ. ಅಡುಗೆಮನೆಯ ಹತ್ತಿರ ಇಡಬಾರದು. ಮಕ್ಕಳಿಗೆ, ದನಕರುಗಳಿಗೆ ಎಟುಕಬಾರದು. ಮುಟ್ಟಿದ ಮೇಲೆ ಕೈ ತೊಳೆಯಬೇಕು.

ನೆಡುವ ಗಡ್ಡೆ ಎಲ್ಲಿಂದ ತರಬೇಕೆಂಬುದು ಕೊನೆಯ ಪ್ರಶ್ನೆ. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿರುವ, ಔಷಧಿ ಸಸ್ಯಗಳಿಗೆ ಹೆಸರಾದ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಅಲ್ಲಿಂದ ಗಿಡ ಅಗೆದು ತರುವುದು ಅಪರಾಧ. ಬೇಸಾಯವು ಕಾಡಿನ ಹೊರೆ ಇಳಿಸಬೇಕಾದರೆ ನೆಡುವ ಗಡ್ಡೆಯೂ ಬೇಸಾಯದ್ದೇ ಆಗಿರಬೇಕು. ಗುಡ್ಡದ ಗಡ್ಡೆ ಗುಡ್ಡದಲ್ಲೇ ಉಳಿದರೆ ಮುಂದಿನ ಗೌರಿ ಹಬ್ಬಕ್ಕೂ ಅಲ್ಲಿ ಹೂ ಅರಳುತ್ತದೆ.