ವಿಕ್ಟೋರಿಯಾ ಓಟ್ಸ್

ವಿಕ್ಟೋರಿಯಾ ಎಂಬುದು 1927ರಲ್ಲಿ ದಕ್ಷಿಣ ಅಮೆರಿಕದ ಉರುಗ್ವೆಯಿಂದ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ತರಿಸಲಾದ ಓಟ್ಸ್ ತಳಿ. ಕಿರೀಟ ತುಕ್ಕು ರೋಗವನ್ನು ತಡೆಯುವ ಗುಣಕ್ಕಾಗಿ ಇದನ್ನು ಹೊಸ ತಳಿಗಳ ಅಭಿವೃದ್ಧಿಯಲ್ಲಿ ಹೇರಳವಾಗಿ ಬಳಸಲಾಯಿತು. ಆದರೆ ಈ ತಳಿಯ ಸಂತತಿಗಳು 1940ರ ದಶಕದಲ್ಲಿ ಮತ್ತೊಂದು ಶಿಲೀಂಧ್ರ ರೋಗಕ್ಕೆ ತುತ್ತಾಗಿ ಅಪಾರ ಬೆಳೆನಷ್ಟ ಉಂಟಾಯಿತು. ಈ ರೋಗಕ್ಕೆ ತಳಿಯ ಹೆಸರಿನಿಂದಲೇ ವಿಕ್ಟೋರಿಯಾ ಅಂಗಮಾರಿ ಎಂಬ ಹೆಸರು ಬಂದಿದೆ.

ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದ ಮಧ್ಯಪಶ್ಚಿಮ ರಾಜ್ಯಗಳಲ್ಲಿ ಓಟ್ಸ್ ಪ್ರಮುಖ ಬೆಳೆಯಾಗಿತ್ತು. ಅದರ ಕಾಳು ಕುದುರೆ ಮತ್ತು ದನಗಳಿಗೆ ಆಹಾರವಾಗುತ್ತಿತ್ತು; ಹುಲ್ಲನ್ನು ಕೊಟ್ಟಿಗೆಯಲ್ಲಿ ಹಾಸಲು ಬಳಸಲಾಗುತ್ತಿತ್ತು. ಪಕ್ಸೀನಿಯಾ ಕೊರೊನಾಟಾ ಎಂಬ ಶಿಲೀಂಧ್ರದಿಂದ ಬರುವ ಕಿರೀಟ ತುಕ್ಕು ರೋಗವು ಈ ಬೆಳೆಯನ್ನು ಪದೇ ಪದೇ ಬಾಧಿಸುತ್ತಿತ್ತು. ಆಗ ಬಳಕೆಯಲ್ಲಿದ್ದ ತಳಿಗಳಲ್ಲಿ ಇದಕ್ಕೆ ಸಾಕಷ್ಟು ನಿರೋಧಕ ಶಕ್ತಿ ಇರಲಿಲ್ಲ.

ತಳಿ ಅಭಿವೃದ್ಧಿ

ವಿಕ್ಟೋರಿಯಾ ತಳಿಯು ಕಿರೀಟ ತುಕ್ಕು ಮತ್ತು ಕಾಡಿಗೆ ರೋಗಗಳನ್ನು ತಡೆಯುತ್ತಿತ್ತು. ಕಾಂಡದ ತುಕ್ಕು ರೋಗವನ್ನು ತಡೆಯುವ ರಿಚ್‌ಲ್ಯಾಂಡ್ ತಳಿಯೊಂದಿಗೆ ಇದನ್ನು ಸಂಕರಣಗೊಳಿಸಿ ಟಾಮಾ, ಬೂನ್, ವಿಕ್‌ಲ್ಯಾಂಡ್ ಮೊದಲಾದ ತಳಿಗಳನ್ನು ರೂಪಿಸಲಾಯಿತು. ಉತ್ತಮ ಇಳುವರಿ ನೀಡಿದ ಈ ತಳಿಗಳು 1940ರ ದಶಕದ ಆರಂಭದಲ್ಲಿ ಶೀಘ್ರವಾಗಿ ಹರಡಿದವು. 1945ರ ವೇಳೆಗೆ ಅಯೋವಾ ರಾಜ್ಯದಲ್ಲಿ ಓಟ್ಸ್ ಬಿತ್ತನೆಯಾಗುತ್ತಿದ್ದ ಬಹುತೇಕ ಭೂಮಿಯಲ್ಲಿ ವಿಕ್ಟೋರಿಯಾ ಸಂತತಿಯ ತಳಿಗಳೇ ಇದ್ದವು.

ಅಂಗಮಾರಿ ರೋಗ

ಈ ತಳಿಗಳ ಹೊಲಗಳಲ್ಲಿ ಸಸಿಗಳು ಸಾಯುವುದು, ಕಾಂಡದ ಬುಡ ಕೊಳೆತು ಕಪ್ಪಾಗುವುದು, ಎಲೆಗಳು ಕೆಂಪಡರಿ ಒಣಗುವುದು ಮತ್ತು ಪೈರು ನೆಲಕ್ಕೊರಗುವುದು ಕಂಡುಬಂದಿತು. 1946ರಲ್ಲಿ ಫ್ರಾನ್ಸಿಸ್ ಮೀಹನ್ ಮತ್ತು ಎಚ್. ಸಿ. ಮರ್ಫಿ ಇದಕ್ಕೆ ಕಾರಣವಾದ ಶಿಲೀಂಧ್ರವನ್ನು ಹೆಲ್ಮಿಂತೊಸ್ಪೋರಿಯಂ ವಿಕ್ಟೋರಿಯೇ ಎಂದು ಹೆಸರಿಸಿ ವಿವರಿಸಿದರು. ಬೀಜ ಮತ್ತು ಮಣ್ಣಿನ ಮೂಲಕ ಹರಡುವ ಈ ರೋಗವು 1946 ಮತ್ತು 1947ರಲ್ಲಿ ತೀವ್ರ ಸ್ವರೂಪ ತಾಳಿತು. ವಿಕ್ಟೋರಿಯಾ ಸಂತತಿಯಲ್ಲದ ತಳಿಗಳಿಗೆ ಇದರಿಂದ ಹಾನಿಯಾಗಲಿಲ್ಲ.

ರೋಗದ ಕಾರ್ಯವಿಧಾನ

ಶಿಲೀಂಧ್ರವು ಸ್ರವಿಸುವ ವಿಷವಸ್ತುವೇ ರೋಗಕ್ಕೆ ಕಾರಣವೆಂದು ಮೀಹನ್ ಮತ್ತು ಮರ್ಫಿ 1947ರಲ್ಲಿ ತೋರಿಸಿದರು. ವಿಕ್ಟೋರಿನ್ ಎಂಬ ಈ ವಸ್ತುವು ಅತ್ಯಲ್ಪ ಪ್ರಮಾಣದಲ್ಲಿಯೂ ವಿಕ್ಟೋರಿಯಾ ಸಂತತಿಯ ಸಸ್ಯಗಳನ್ನು ಕೊಲ್ಲುತ್ತದೆ. ಇತರ ಓಟ್ಸ್ ಸಸ್ಯಗಳು ಅದಕ್ಕಿಂತ ಸಾವಿರಾರು ಪಟ್ಟು ಹೆಚ್ಚಿನ ಪ್ರಮಾಣವನ್ನೂ ತಾಳಿಕೊಳ್ಳುತ್ತವೆ.

ತುಕ್ಕು ರೋಗವನ್ನು ತಡೆಯುವ ವಂಶವಾಹಿಗೆ ಪಿಸಿ-2 ಎಂದೂ, ಅಂಗಮಾರಿಗೆ ಈಡಾಗಿಸುವ ವಂಶವಾಹಿಗೆ ವಿಬಿ ಎಂದೂ ಹೆಸರಿಡಲಾಯಿತು. ಇವೆರಡನ್ನೂ ಬೇರ್ಪಡಿಸಲು ತಳಿವಿಜ್ಞಾನಿಗಳು ಹಲವು ದಶಕಗಳ ಕಾಲ ಪ್ರಯತ್ನಿಸಿದರು. 1980ರ ದಶಕದಲ್ಲಿ ಅಂಗಾಂಶ ಕೃಷಿಯ ಮೂಲಕ ವಿಕ್ಟೋರಿನ್ ತಾಳಿಕೊಳ್ಳುವ ಸಸ್ಯಗಳನ್ನು ಪಡೆದಾಗ ಅವು ತುಕ್ಕು ನಿರೋಧಕ ಶಕ್ತಿಯನ್ನೂ ಕಳೆದುಕೊಂಡಿದ್ದವು. ಹೀಗಾಗಿ ಇವೆರಡೂ ಒಂದೇ ವಂಶವಾಹಿಯ ಎರಡು ಮುಖಗಳೆಂಬ ಅಭಿಪ್ರಾಯ ಬಲಗೊಂಡಿತು.

ತುಕ್ಕು ಶಿಲೀಂಧ್ರವು ಜೀವಂತ ಕೋಶಗಳಿಂದ ಮಾತ್ರ ಆಹಾರ ಪಡೆಯುತ್ತದೆ. ಆದ್ದರಿಂದ ನಿರೋಧಕ ಸಸ್ಯವು ಸೋಂಕು ತಗುಲಿದ ಕೋಶಗಳನ್ನು ತಾನೇ ಸಾಯಿಸಿ ರೋಗವನ್ನು ತಡೆಯುತ್ತದೆ. ಅಂಗಮಾರಿ ಶಿಲೀಂಧ್ರಕ್ಕಾದರೋ ಸತ್ತ ಕೋಶಗಳೇ ಆಹಾರ. ವಿಕ್ಟೋರಿನ್ ಸಸ್ಯದ ಇದೇ ರಕ್ಷಣಾ ಕ್ರಿಯೆಯನ್ನು ಪ್ರಚೋದಿಸಿ ಕೋಶಗಳ ಸಾವಿಗೆ ಕಾರಣವಾಗುತ್ತದೆ. 2007ರಲ್ಲಿ ಅರಾಬಿಡಾಪ್ಸಿಸ್ ಸಸ್ಯದ ಮೇಲೆ ನಡೆದ ಸಂಶೋಧನೆಯು ಈ ವಿವರಣೆಗೆ ಪುಷ್ಟಿ ನೀಡಿತು: ಆ ಸಸ್ಯವನ್ನು ವಿಕ್ಟೋರಿನ್‌ಗೆ ಈಡಾಗಿಸುವ ಎಲ್‌ಒವಿ1 ವಂಶವಾಹಿಯು ರೋಗನಿರೋಧಕ ವಂಶವಾಹಿಗಳ ಗುಂಪಿಗೇ ಸೇರಿದ್ದಾಗಿತ್ತು.

ನಂತರದ ಬೆಳವಣಿಗೆ

ರೈತರು ವಿಕ್ಟೋರಿಯಾ ಸಂತತಿಯನ್ನು ಕೈಬಿಟ್ಟು ಕ್ಲಿಂಟನ್ ಮೊದಲಾದ ತಳಿಗಳತ್ತ ಹೊರಳಿದರು. ಇವುಗಳ ತುಕ್ಕು ನಿರೋಧಕ ಶಕ್ತಿಯು ಆಸ್ಟ್ರೇಲಿಯಾದಿಂದ ಆಮದಾದ ಬಾಂಡ್ ಎಂಬ ತಳಿಯಿಂದ ಬಂದಿತ್ತು. ಆದರೆ ಬಾಂಡ್ ಸಂತತಿ ಹೆಚ್ಚಿದಂತೆ ಅದನ್ನು ಬಾಧಿಸಬಲ್ಲ ಕಿರೀಟ ತುಕ್ಕಿನ ಬಗೆಗಳೂ ಹೆಚ್ಚಿ, ಆ ನಿರೋಧಕ ಶಕ್ತಿ ನಿಷ್ಫಲವಾಯಿತು.

ಮಹತ್ವ

ವಿಶಾಲ ಪ್ರದೇಶದಲ್ಲಿ ಒಂದೇ ಮೂಲದ ತಳಿಗಳನ್ನು ಬೆಳೆಯುವುದರ ಅಪಾಯಕ್ಕೆ ವಿಕ್ಟೋರಿಯಾ ಓಟ್ಸ್‌ನ ಇತಿಹಾಸವನ್ನು ಸಸ್ಯರೋಗಶಾಸ್ತ್ರದಲ್ಲಿ ಉದಾಹರಣೆಯಾಗಿ ನೀಡಲಾಗುತ್ತದೆ. 1970ರಲ್ಲಿ ಅಮೆರಿಕದ ಮೆಕ್ಕೆಜೋಳದ ಬೆಳೆಯೂ ಇಂಥದೇ ಏಕರೂಪತೆಯಿಂದಾಗಿ ಎಲೆ ಅಂಗಮಾರಿ ರೋಗಕ್ಕೆ ತುತ್ತಾಯಿತು. ಅಲ್ಲಿಯೂ ಶಿಲೀಂಧ್ರದ ವಿಷವಸ್ತುವು ನಿರ್ದಿಷ್ಟ ಮೂಲದ ಸಸ್ಯಗಳನ್ನು ಮಾತ್ರ ತೀವ್ರವಾಗಿ ಬಾಧಿಸಿತ್ತು.