ಗುಣವಾದ ಮೇಲೂ ಕ್ಷ-ಕಿರಣವೇಕೆ?

ಸ್ತನದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು ಮನೆಗೆ ಮರಳುವ ಹೆಂಗಸಿಗೆ ವೈದ್ಯರು, “ವರುಷಕ್ಕೊಮ್ಮೆ ಬಂದು ಚಿತ್ರ ತೆಗೆಸಿಕೊಳ್ಳಿ” ಎನ್ನುತ್ತಾರೆ. ಗಂಟು ತೆಗೆದುದಾಯಿತು, ಕಿರಣ ಚಿಕಿತ್ಸೆಯೂ ಮುಗಿಯಿತು. ಇನ್ನೇತರ ಚಿತ್ರ ಎಂದು ಆಕೆ ಕೇಳುವುದು ಸಹಜ. ಮನೆಯವರಲ್ಲಿ ಕೆಲವರಾದರೋ, ಇಷ್ಟೇ ಏಕೆ, ಅಡಿಯಿಂದ ಮುಡಿಯವರೆಗೆ ಎಲ್ಲವನ್ನೂ ಪರೀಕ್ಷಿಸಿಬಿಡಲಿ ಎನ್ನುವುದುಂಟು. ಈ ಎರಡು ಮಾತಿಗೂ ಉತ್ತರ ಈ ಪರೀಕ್ಷೆಯ ಇತಿಹಾಸದಲ್ಲಿಯೇ ಇದೆ.

ರಾಂಟ್‌ಗನ್ ಕ್ಷ-ಕಿರಣಗಳನ್ನು ಕಂಡುಹಿಡಿದುದು 1895ರಲ್ಲಿ. 1913ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯ ಆಲ್ಬರ್ಟ್ ಸಾಲೊಮನ್, ಶಸ್ತ್ರಕ್ರಿಯೆಯಲ್ಲಿ ತೆಗೆದ ಸುಮಾರು 3,000 ಸ್ತನಗಳನ್ನು ಈ ಕಿರಣಗಳಿಂದ ಪರೀಕ್ಷಿಸಿದರು. ಕೆಲವು ಚಿತ್ರಗಳಲ್ಲಿ ಸಣ್ಣ ಸಣ್ಣ ಚುಕ್ಕೆಗಳು ಕಂಡುವು. ಅವು ಸುಣ್ಣದ ಕಣಗಳು. ಕೈಗೆ ಗಂಟು ಸಿಕ್ಕುವ ಮೊದಲೇ ಇಂಥ ಕಣಗಳು ರೋಗದ ಸುಳಿವು ಕೊಡಬಲ್ಲುವೆಂಬುದನ್ನು ಎತ್ತಿ ತೋರಿಸಿದವರು, 1949ರ ಸುಮಾರಿಗೆ, ಉರುಗ್ವೇ ದೇಶದ ರೌಲ್ ಲೆಬೊರ್ನ್. ಸ್ತನವನ್ನು ಒತ್ತಿ ಹಿಡಿದು ಚಿತ್ರ ತೆಗೆಯುವ ಕ್ರಮವನ್ನು ಬೆಳೆಸಿದವರೂ ಅವರೇ. 1960ರಲ್ಲಿ ಹ್ಯೂಸ್ಟನ್ನಿನ ರಾಬರ್ಟ್ ಈಗನ್, ಇತರರೂ ಕಲಿತು ಮಾಡಬಹುದಾದ ಸ್ಪಷ್ಟ ಚಿತ್ರಣದ ವಿಧಾನವನ್ನು ಪ್ರಕಟಿಸಿದರು.

ಆದರೆ ಆ ಕಾಲಕ್ಕೆ, ಚಿಕಿತ್ಸೆ ಪಡೆದ ಬದಿಯಲ್ಲಿ ಚಿತ್ರ ತೆಗೆಯಲು ಸ್ತನವೇ ಉಳಿಯುತ್ತಿರಲಿಲ್ಲ. ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ 19ನೆಯ ಶತಮಾನದ ಕೊನೆಯಲ್ಲಿ ರೂಢಿಗೆ ತಂದ ಶಸ್ತ್ರಕ್ರಿಯೆಯಲ್ಲಿ ಸ್ತನ, ಎದೆಯ ಸ್ನಾಯು, ಕಂಕುಳಿನ ಗ್ರಂಥಿ ಎಲ್ಲವನ್ನೂ ತೆಗೆದುಹಾಕುತ್ತಿದ್ದರು. ಜೀವ ಉಳಿಯಬೇಕಾದರೆ ಇಷ್ಟೂ ಹೋಗಲೇಬೇಕೆಂಬುದು ದೀರ್ಘಕಾಲದ ನಂಬಿಕೆ.

ಈ ನಂಬಿಕೆಯನ್ನು ಇಟಲಿಯ ಉಂಬರ್ಟೊ ವೆರೊನೇಸಿ ಪರೀಕ್ಷೆಗೆ ಒಡ್ಡಿದರು. 1973ರಿಂದ 1980ರವರೆಗೆ ಮಿಲಾನ್ ನಗರದಲ್ಲಿ, 2 ಸೆಂಟಿಮೀಟರು ಮೀರದ ಗಂಟುಳ್ಳ 701 ಮಂದಿ ಹೆಂಗಸರನ್ನು, ಚೀಟಿ ಎತ್ತಿದಂತೆ, ಎರಡು ಪಂಗಡ ಮಾಡಿದರು. ಒಂದಕ್ಕೆ ಹಳೆಯ ಶಸ್ತ್ರಕ್ರಿಯೆ. ಇನ್ನೊಂದಕ್ಕೆ ಸ್ತನದ ಒಂದು ಭಾಗವನ್ನು ಮಾತ್ರ ತೆಗೆದು ಕಿರಣ ಚಿಕಿತ್ಸೆ. 2002ರಲ್ಲಿ, ಇಪ್ಪತ್ತು ವರುಷಗಳ ಲೆಕ್ಕ ಹೊರಬಂದಾಗ ಎರಡು ಪಂಗಡಗಳ ಆಯುಸ್ಸಿನಲ್ಲಿ ವ್ಯತ್ಯಾಸವಿರಲಿಲ್ಲ. ಆದರೆ ರೋಗ ಮತ್ತೆ ಅದೇ ಬದಿಯಲ್ಲಿ ತಲೆದೋರಿದುದು ಹಳೆಯ ಪದ್ಧತಿಯಲ್ಲಿ 8 ಮಂದಿಗೆ, ಸ್ತನ ಉಳಿಸಿದವರಲ್ಲಿ 30 ಮಂದಿಗೆ. ಉಳಿದ ಸ್ತನಕ್ಕೆ ಕಾವಲು ಬೇಕೆಂಬುದರ ಕಾರಣ ಇಲ್ಲಿದೆ. ಎದುರು ಬದಿಯ ಸ್ತನದಲ್ಲಿ ಹೊಸ ರೋಗ ಹುಟ್ಟುವ ಸಂಭವವೂ ಇರುವುದರಿಂದ ಎರಡರ ಚಿತ್ರವನ್ನೂ ತೆಗೆಯುತ್ತಾರೆ.

ಹಾಗಾದರೆ ಮೈಯೆಲ್ಲವನ್ನೂ ನೋಡಿದರೆ ಇನ್ನೂ ಒಳ್ಳೆಯದಲ್ಲವೆ? 1994ರಲ್ಲಿ ಇಟಲಿಯಿಂದಲೇ ಬಂದ ಎರಡು ಅಧ್ಯಯನಗಳು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದುವು. ಒಂದರಲ್ಲಿ 1,320, ಇನ್ನೊಂದರಲ್ಲಿ 1,243 ಮಂದಿ. ಅರ್ಧದಷ್ಟು ಜನಕ್ಕೆ ಎಲುಬು, ಎದೆ ಮೊದಲಾದುವುಗಳ ಚಿತ್ರಗಳನ್ನೂ ಮತ್ತೆ ಮತ್ತೆ ತೆಗೆದರು. ಉಳಿದವರಿಗೆ ವೈದ್ಯರ ತಪಾಸಣೆ ಮತ್ತು ಸ್ತನದ ಚಿತ್ರ. ಆಯುಸ್ಸಿನಲ್ಲಿ ಲಾಭವೇನೂ ಕಾಣಲಿಲ್ಲ. ದೂರದ ಅಂಗಕ್ಕೆ ಹರಡಿದ ರೋಗವನ್ನು ಮುಂಚೆಯೇ ಕಂಡುದರಿಂದ ಆಯುಸ್ಸು ಬೆಳೆಯಲಿಲ್ಲ.

ಎಷ್ಟು ಕಾಲಕ್ಕೊಮ್ಮೆ ಎಂಬುದು ಕೊನೆಯ ಪ್ರಶ್ನೆ. ಬ್ರಿಟನ್ನಿನಲ್ಲಿ 50 ದಾಟಿದ, ಶಸ್ತ್ರಕ್ರಿಯೆಯಾಗಿ ಮೂರು ವರುಷ ಕಳೆದ 5,235 ಮಂದಿಯಲ್ಲಿ ನಡೆದ ಅಧ್ಯಯನದ ಫಲಿತಾಂಶ 2023ರಲ್ಲಿ ಹೊರಬಂದಿತು. ಸ್ತನ ಉಳಿಸಿಕೊಂಡವರಿಗೆ ಎರಡು ವರುಷಕ್ಕೊಮ್ಮೆ, ಪೂರ್ಣ ತೆಗೆಸಿಕೊಂಡವರಿಗೆ ಮೂರು ವರುಷಕ್ಕೊಮ್ಮೆ ಚಿತ್ರ ತೆಗೆದರೂ, ವಾರ್ಷಿಕ ಪರೀಕ್ಷೆಗಿಂತ ಅದು ಕಡಮೆಯೆನಿಸಲಿಲ್ಲ. ಕಿರಿಯ ವಯಸ್ಸಿನವರಿಗೂ ಮೊದಲ ವರುಷಗಳಿಗೂ ಈ ಮಾತು ಅನ್ವಯಿಸದು. ಅಂತರವನ್ನು ನಿಶ್ಚಯಿಸಬೇಕಾದವರು ವೈದ್ಯರೇ.

ಗಾಯದ ಗುರುತು ಚಿತ್ರದಲ್ಲಿ ರೋಗದಂತೆಯೇ ತೋರಬಹುದು. ಹಿಂದಿನ ಚಿತ್ರದೊಡನೆ ಹೋಲಿಸಿದಾಗಲೇ ಅದು ಹಳೆಯದೋ ಹೊಸದೋ ತಿಳಿಯುವುದು. ಆದುದರಿಂದ ಹಳೆಯ ಚಿತ್ರಗಳನ್ನು ಜೋಪಾನವಾಗಿಟ್ಟು, ಪ್ರತಿ ಸಲವೂ ಒಯ್ಯಬೇಕು. ನಡುವೆ ಹೊಸ ಗಂಟು, ಬಿಡದ ಎಲುಬುನೋವು, ಉಬ್ಬಸ ಕಂಡರೆ ಮುಂದಿನ ತಾರೀಖಿಗೆ ಕಾಯದೆ ವೈದ್ಯರನ್ನು ಕಾಣಬೇಕು.